ಕೈವಾರ, ಪಟ್ಟಿ ಮತ್ತು ಅಳಿಸಿಹೋದ ಗೆರೆಗಳು

ಒಂದು ವೃತ್ತ ಎಳೆದು ಅದರ ಪರಿಧಿಯನ್ನು ಎಂಟು ಸಮಭಾಗ ಮಾಡಿ. ಒಂದು ಬಿಟ್ಟು ಒಂದರಂತೆ ನಾಲ್ಕು ಚುಕ್ಕಿ ಸೇರಿಸಿದರೆ ಒಂದು ಚೌಕ. ಉಳಿದ ನಾಲ್ಕನ್ನು ಸೇರಿಸಿದರೆ ಅದರ ಮೇಲೆ ಓರೆಯಾಗಿ ಕೂತ ಇನ್ನೊಂದು ಚೌಕ. ಎಂಟು ಮೊನೆಯ ನಕ್ಷತ್ರವಾಯಿತು. ಶಾಲೆಯ ಜಾಮಿಟ್ರಿ ಬಾಕ್ಸಿನ ಕೈವಾರ ಮತ್ತು ಪಟ್ಟಿ ಬಿಟ್ಟರೆ ಬೇರೇನೂ ಬೇಕಾಗಲಿಲ್ಲ. ಗ್ರಾನಡಾದ ಅಲ್‌ಹಂಬ್ರ ಅರಮನೆಯಲ್ಲಿ, ಮೊರಾಕೊದ ಫೆಜ್ ನಗರದ ಅಂಗಳಗಳಲ್ಲಿ, ಇರಾನಿನ ಗೋಡೆಗಳ ಮೇಲೆ ಕಾಣುವುದು ಇದೇ ನಕ್ಷತ್ರ ಮತ್ತು ಇದರ ಹತ್ತಾರು ದಾಯಾದಿಗಳು.

ಈ ಸರಳತೆಯೇ ಒಂದು ದೊಡ್ಡ ಮಾತಿಗೆ ದಾರಿ ಮಾಡಿಕೊಟ್ಟಿದೆ. ಇಸ್ಲಾಮೀ ನಾಡುಗಳ ಹೆಣಿಗೆ ವಿನ್ಯಾಸಗಳೆಲ್ಲ ಕೈವಾರ ಮತ್ತು ಪಟ್ಟಿಯಿಂದಲೇ, ಒಂದೇ ವೃತ್ತದಿಂದಲೇ ಹುಟ್ಟಿದವು ಎಂಬ ಮಾತು ಅದು. ಕಳೆದ ಅರ್ಧ ಶತಮಾನದ ಬಹುಪಾಲು ಕೈಪಿಡಿಗಳು ಇದನ್ನು ಪ್ರಶ್ನಿಸದೆ ಒಪ್ಪಿಕೊಂಡಿವೆ. ಸಿಕ್ಕಿರುವ ಪುರಾವೆಗಳನ್ನು ಸಾಲಾಗಿ ಇಟ್ಟು ನೋಡಿದರೆ ಚಿತ್ರ ಬೇರೆಯೇ ಆಗುತ್ತದೆ. ಗೆರೆ ಎಳೆಯುವುದಕ್ಕೆ ಕೈವಾರ, ಪಟ್ಟಿ ಬೇಕಾಗಿದ್ದವು, ನಿಜ. ವಿನ್ಯಾಸವನ್ನು ಯೋಚಿಸುವುದಕ್ಕೆ ಮಾತ್ರ ಇನ್ನೊಂದು ಉಪಾಯವಿತ್ತು; ಆ ಉಪಾಯದ ಗೆರೆಗಳನ್ನು ಕೆಲಸ ಮುಗಿದ ಮೇಲೆ ಕೆಲಸಗಾರರೇ ಅಳಿಸಿಬಿಡುತ್ತಿದ್ದರು.

ಮೊದಲು ಹೆಣಿಗೆಯ ವಿಷಯ. ಎರಡು ಚೌಕಗಳ ನಕ್ಷತ್ರದ ಪ್ರತಿ ಗೆರೆಗೂ ಪಕ್ಕದಲ್ಲಿ ಸಮಾನಾಂತರವಾಗಿ ಇನ್ನೊಂದು ಗೆರೆ ಎಳೆದರೆ ಅದು ಪಟ್ಟೆಯಾಗುತ್ತದೆ. ಪಟ್ಟೆಗಳು ಎಂಟು ಕಡೆ ಒಂದನ್ನೊಂದು ದಾಟುತ್ತವೆ. ಒಂದು ಚೌಕದ ಜಾಡು ಹಿಡಿದು ಹೊರಡಿ: ಮೊದಲ ದಾಟಿನಲ್ಲಿ ಮೇಲೆ, ಮುಂದಿನದರಲ್ಲಿ ಕೆಳಗೆ, ಮತ್ತೆ ಮೇಲೆ, ಮತ್ತೆ ಕೆಳಗೆ. ಎಂಟೂ ಮುಗಿಸಿ ಹೊರಟಲ್ಲಿಗೇ ಬಂದಾಗ ಲೆಕ್ಕ ತಪ್ಪಿರುವುದಿಲ್ಲ. ಇನ್ನೊಂದು ಚೌಕವನ್ನು ಹಿಡಿದು ಹೋದರೆ ಅದೂ ತಾನಾಗಿಯೇ ಕೆಳಗೆ, ಮೇಲೆ, ಕೆಳಗೆ, ಮೇಲೆ ಎಂದೇ ಸಾಗುತ್ತದೆ. ಚಾಪೆ ಹೆಣೆಯುವವರಿಗೆ ಇದರಲ್ಲಿ ಆಶ್ಚರ್ಯವೇನೂ ಕಾಣದು. ಆದರೆ ನೂರಾರು ದಾಟುಗಳ ಗೋಡೆಯಲ್ಲೂ ಇದು ಒಮ್ಮೆಯೂ ಕೈಕೊಡುವುದಿಲ್ಲ ಎಂಬುದಕ್ಕೆ ಗಣಿತದ ಕಾರಣವಿದೆ. ಗೆರೆಗಳ ನಡುವಿನ ಜಾಗಗಳಿಗೆ ಚದುರಂಗದ ಮಣೆಯಂತೆ ಕಪ್ಪು ಬಿಳುಪು ತುಂಬಬಹುದು. ಗೆರೆಯ ಮೇಲೆ ನಡೆಯುತ್ತಾ ಎಡಗಡೆ ಕಪ್ಪು ಇದ್ದಾಗ ಮುಂದಿನ ದಾಟನ್ನು ಮೇಲಿಂದ, ಬಿಳುಪು ಇದ್ದಾಗ ಕೆಳಗಿಂದ ದಾಟುವುದು ನಿಯಮ. ಪ್ರತಿ ದಾಟಿನಲ್ಲೂ ಎಡಗಡೆಯ ಬಣ್ಣ ಬದಲಾಗುವುದರಿಂದ ಮೇಲೆ ಕೆಳಗೆ ತಾವಾಗಿಯೇ ಸರದಿಯಲ್ಲಿ ಬರುತ್ತವೆ. ಒಂದೇ ದಾಟಿಗೆ ಬರುವ ಎರಡು ಗೆರೆಗಳಲ್ಲಿ ಒಂದರ ಎಡಕ್ಕೆ ಕಪ್ಪಿದ್ದರೆ ಇನ್ನೊಂದರ ಎಡಕ್ಕೆ ಬಿಳುಪೇ ಇರುತ್ತದೆ. 19ನೇ ಶತಮಾನದಲ್ಲಿ ಗಂಟುಗಳ ಗಣಿತಕ್ಕೆ ಕೈಹಾಕಿದ ಸ್ಕಾಟ್ಲೆಂಡಿನ ಪೀಟರ್ ಟೇಟ್ ಈ ಗುಣವನ್ನು ಗುರುತಿಸಿದ್ದರು. ಗಾರೆಯ ಮೇಲೆ ಹೆಣಿಗೆ ಬಿಡಿಸುತ್ತಿದ್ದವರಿಗೆ ಇದು ಅದಕ್ಕೂ ಶತಮಾನಗಳ ಮೊದಲೇ ಕೈಗೆ ಹತ್ತಿತ್ತು.

ನಿಯಮ ಕೆಡುವುದು ಎರಡು ಸಂದರ್ಭಗಳಲ್ಲಿ: ಗೆರೆ ನಡುವೆಯೇ ತುಂಡಾದಾಗ, ಇಲ್ಲವೆ ಮೂರು ಗೆರೆಗಳು ಒಂದೇ ಬಿಂದುವಿನಲ್ಲಿ ಕೂಡಿದಾಗ. ಹಳೆಯ ಒಳ್ಳೆಯ ವಿನ್ಯಾಸಗಳಲ್ಲಿ ಮೂರು ಗೆರೆ ಕೂಡುವ ಜಾಗವನ್ನು ಹುಡುಕಿದರೂ ಸಿಗುವುದು ಕಷ್ಟ. ಈ ಸಂಗತಿಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಹೆಣಿಗೆಯಿಂದ ಇನ್ನೊಂದು ಪರಿಣಾಮವೂ ಉಂಟು. ಬರೀ ಗೆರೆಯ ಎಂಟು ಮೊನೆಯ ನಕ್ಷತ್ರಕ್ಕೆ ಎಂಟು ಬಗೆಯ ತಿರುಗುವಿಕೆ, ಎಂಟು ಕನ್ನಡಿರೇಖೆ, ಒಟ್ಟು 16 ಸಮಮಿತಿಗಳಿವೆ. ಪಟ್ಟೆಗಳನ್ನು ಹೆಣೆದ ಕೂಡಲೇ ಕನ್ನಡಿಯ ಎಂಟೂ ಹೋಗುತ್ತವೆ, ಏಕೆಂದರೆ ಕನ್ನಡಿಯಲ್ಲಿ ಮೇಲಿದ್ದ ಪಟ್ಟೆಯ ಜಾಗಕ್ಕೆ ಕೆಳಗಿದ್ದದ್ದು ಬರುತ್ತದೆ. ಅಲ್‌ಹಂಬ್ರದಲ್ಲಿ ಸಮತಲದ 17 ಬಗೆಯ ಸಮಮಿತಿಗಳೂ ಇವೆಯೇ ಎಂಬ ಹಳೆಯ ಜಗಳ ಬಗೆಹರಿಯದಿರಲು ಇದೂ ಒಂದು ಕಾರಣ. ಎಡಿತ್ ಮ್ಯುಲರ್ 1944ರಲ್ಲಿ 11 ಎಣಿಸಿದರು, ಬ್ರಾಂಕೊ ಗ್ರೂನ್‌ಬಾಮ್ ಮತ್ತು ಜೊತೆಯವರು 1980ರ ದಶಕದಲ್ಲಿ 13, ಸ್ಪೇನಿನ ಗಣಿತಜ್ಞರು ಪೂರ್ತಿ 17. ಬಣ್ಣವನ್ನೂ ಹೆಣಿಗೆಯನ್ನೂ ಲೆಕ್ಕಕ್ಕೆ ಹಿಡಿಯಬೇಕೋ ಬಿಡಬೇಕೋ ಎಂಬುದರ ಮೇಲೆ ಉತ್ತರ ಬದಲಾಗುತ್ತದೆ. ಅಲ್ಲಿನ ಕೆಲಸಗಾರರಂತೂ 17ರ ಪಟ್ಟಿ ಹಿಡಿದು ಕೂತಿರಲಿಲ್ಲ. ಆ ಪಟ್ಟಿ ಸಿದ್ಧವಾದದ್ದೇ 1891ರಲ್ಲಿ, ರಷ್ಯದ ಫೆಡೊರೊವ್ ಅವರಿಂದ.

ಈಗ ಮೂಲ ಪ್ರಶ್ನೆಗೆ ಬರೋಣ. ಕುಶಲಕರ್ಮಿಗಳ ಜ್ಯಾಮಿತಿಯ ಬಗ್ಗೆ ನಮಗೆ ಸಿಕ್ಕಿರುವ ಹಳೆಯ ಬರಹಗಳಲ್ಲಿ ಮುಖ್ಯವಾದದ್ದು ಬಗ್ದಾದಿನ ಅಬುಲ್ ವಫಾ ಅಲ್ ಬೂಜಾನಿ ಅವರದು. 940ರಲ್ಲಿ ಹುಟ್ಟಿ 998ರಲ್ಲಿ ತೀರಿಕೊಂಡ ಈ ಗಣಿತಜ್ಞ ಕೆಲಸಗಾರರಿಗೆ ಬೇಕಾಗುವ ರಚನೆಗಳ ಬಗ್ಗೆಯೇ ಒಂದು ಪುಸ್ತಕ ಬರೆದರು. ಅದರಲ್ಲಿ ಕೈವಾರದ ಬಾಯಿಯನ್ನು ಒಮ್ಮೆ ತೆರೆದರೆ ಮತ್ತೆ ಬದಲಿಸದೆ ಮಾಡುವ ರಚನೆಗಳಿಗೂ ಜಾಗವಿದೆ. ಇದು ಬರೀ ಬುದ್ಧಿಯ ಕಸರತ್ತಲ್ಲ. ಕಲ್ಲಿನ ಮೇಲೆ ಕೆಲಸ ಮಾಡುವವನು ಕೈವಾರವನ್ನು ಮತ್ತೆ ಮತ್ತೆ ಹೊಂದಿಸಿದಷ್ಟೂ ಕೂದಲೆಳೆಯ ತಪ್ಪುಗಳು ಸೇರುತ್ತಾ ಹೋಗುತ್ತವೆ.

ಆ ಪುಸ್ತಕದ ಅತ್ಯಂತ ಸ್ವಾರಸ್ಯದ ಭಾಗ ಗಣಿತಜ್ಞರೂ ಕೆಲಸಗಾರರೂ ಒಟ್ಟಿಗೆ ಕೂತ ಸಭೆಯ ಪ್ರಸಂಗ. ಒಂದೇ ಅಳತೆಯ ಮೂರು ಚೌಕಗಳನ್ನು ಕತ್ತರಿಸಿ ಒಂದೇ ದೊಡ್ಡ ಚೌಕ ಮಾಡುವುದು ಹೇಗೆ? ಗಣಿತಜ್ಞರು ದೊಡ್ಡ ಚೌಕದ ಭುಜ ಎಷ್ಟೆಂದು ಹೇಳಬಲ್ಲರು, ಕತ್ತರಿಸುವ ದಾರಿ ಹೇಳಲಾರರು. ಕೆಲಸಗಾರರು ಕತ್ತರಿಸಿ ಜೋಡಿಸಬಲ್ಲರು, ಆದರೆ ಅವರ ಕೆಲವು ವಿಧಾನಗಳು ಕಣ್ಣಿಗೆ ಸರಿ ಕಂಡರೂ ಲೆಕ್ಕಕ್ಕೆ ತಪ್ಪು. ಅಬುಲ್ ವಫಾ ಕೊಟ್ಟ ಪರಿಹಾರ ಸೊಗಸಾಗಿದೆ: ಎರಡು ಚೌಕಗಳನ್ನು ಕರ್ಣದ ಉದ್ದಕ್ಕೆ ಕತ್ತರಿಸಿ, ಸಿಕ್ಕ ನಾಲ್ಕು ತ್ರಿಕೋನಗಳನ್ನು ಮೂರನೆಯ ಚೌಕದ ಸುತ್ತ ಗಾಳಿಗಿರಿಗಿಟ್ಟಲೆಯ ಹಾಗೆ ಇಟ್ಟು, ಹೊರಗೆ ಚಾಚಿದ ತುಣುಕುಗಳನ್ನು ಖಾಲಿ ಬಿಟ್ಟ ಮೂಲೆಗಳಿಗೆ ತುಂಬುವುದು. ಇಲ್ಲಿ ಗೆದ್ದದ್ದು ಕೈವಾರವಲ್ಲ, ತುಂಡುಗಳ ಜೋಡಣೆ.

ಕೈವಾರ ಮತ್ತು ಪಟ್ಟಿಗೆ ಅಸಾಧ್ಯವಾದ ಕೆಲಸಗಳೂ ಇವೆ. ಸಮ ಸಪ್ತಭುಜವನ್ನು ಅವುಗಳಿಂದ ನಿಖರವಾಗಿ ಎಳೆಯಲಾಗದು. ಯಾವ ಬಹುಭುಜ ಆಗುತ್ತದೆ, ಯಾವುದು ಆಗದು ಎಂಬ ಪ್ರಶ್ನೆ ಗೌಸ್ ಮತ್ತು ವಾಂಟ್ಸೆಲ್ ಅವರ ಕೆಲಸದಿಂದ 1837ರ ಹೊತ್ತಿಗೆ ಇತ್ಯರ್ಥವಾಯಿತು. ಒಂಬತ್ತು, ಹನ್ನೊಂದು, ಹದಿಮೂರು ಭುಜಗಳ ಕಥೆಯೂ ಇದೇ. ಆದರೂ ಏಳು, ಒಂಬತ್ತು, ಹನ್ನೊಂದು ಮೊನೆಯ ನಕ್ಷತ್ರಗಳು ಹಳೆಯ ಕಟ್ಟಡಗಳಲ್ಲಿವೆ. ಕೆಲಸಗಾರರು ಅಸಾಧ್ಯವೆಂದು ಕೈಕಟ್ಟಿ ಕೂರಲಿಲ್ಲ. ಅಬುಲ್ ವಫಾ ಪುಸ್ತಕದಲ್ಲೇ ಇರುವ ಉಪಾಯವಿದು: ವೃತ್ತದೊಳಗೆ ಸಮಬಾಹು ತ್ರಿಕೋನ ಎಳೆದು ಅದರ ಭುಜದ ಅರ್ಧವನ್ನು ಸಪ್ತಭುಜದ ಭುಜವೆಂದು ಹಿಡಿಯಿರಿ. ತ್ರಿಜ್ಯ 10 ಸೆಂಟಿಮೀಟರ್ ಇದ್ದರೆ ಈ ಅರ್ಧ 8.66 ಸೆಂ.ಮೀ.; ಬೇಕಾದದ್ದು 8.68. ಇದರಂತೆ ಪರಿಧಿಯ ಮೇಲೆ ಏಳು ಹೆಜ್ಜೆ ಹಾಕಿದರೆ ಕೊನೆಯಲ್ಲಿ ಒಂದೂವರೆ ಮಿಲಿಮೀಟರಿಗಿಂತ ಕಡಿಮೆ ಸಂದು ಉಳಿಯುತ್ತದೆ. ಏಳು ಭುಜಗಳಿಗೆ ಹಂಚಿದರೆ ತಲಾ 0.2 ಮಿ.ಮೀ. ಗಾರೆಯ ಮೇಲೆ ಉಳಿಯ ಒಂದು ಏಟಿಗೂ ಇದಕ್ಕಿಂತ ಹೆಚ್ಚು ದಪ್ಪವಿರುತ್ತದೆ.

ಪ್ಯಾರಿಸ್ಸಿನ ರಾಷ್ಟ್ರೀಯ ಗ್ರಂಥಾಲಯದಲ್ಲಿರುವ, ಬರೆದವರ ಹೆಸರಿಲ್ಲದ ಒಂದು ಪಾರಸೀ ಹಸ್ತಪ್ರತಿ ಈ ವಾದವನ್ನು ಇನ್ನೂ ಗಟ್ಟಿ ಮಾಡುತ್ತದೆ. ಒಂದರೊಳಗೊಂದು ಸೇರಿಕೊಳ್ಳುವ ಆಕೃತಿಗಳ ಬಗ್ಗೆಯೇ ಇರುವ ಈ ಬರಹವನ್ನು ಅಬುಲ್ ವಫಾ ಪುಸ್ತಕದ ಪಾರಸೀ ಅನುವಾದದ ಜೊತೆಗೇ ಕಟ್ಟಲಾಗಿದೆ. ನಿಖರ ರಚನೆಗಳ ಪಕ್ಕದಲ್ಲೇ ಅಂದಾಜಿನ ರಚನೆಗಳಿವೆ. ಪಟ್ಟಿಯನ್ನು ಸರಿಸುತ್ತಾ ಸರಿಸುತ್ತಾ ಸರಿಯಾದ ಜಾಗಕ್ಕೆ ತರುವ ಉಪಾಯಗಳೂ ಇವೆ. ಅದರಲ್ಲಿ ಬರುವ ಒಂದು ಲಂಬಕೋನ ತ್ರಿಕೋನ, ಅಂದರೆ ಚಿಕ್ಕ ಭುಜ ಮತ್ತು ಕರ್ಣಕ್ಕೆ ಇಳಿಸಿದ ಲಂಬ ಎರಡೂ ಸೇರಿದರೆ ಕರ್ಣಕ್ಕೆ ಸಮನಾಗುವಂಥದು, ಉಮರ್ ಖಯ್ಯಾಮ್ ತಲೆಕೆಡಿಸಿಕೊಂಡ ಸಮಸ್ಯೆಯೇ ಆಗಿತ್ತು. ಅದು ಘನ ಸಮೀಕರಣಕ್ಕೆ ಒಯ್ಯುತ್ತದೆ. ಖಯ್ಯಾಮ್ ಅದನ್ನು ವೃತ್ತ ಮತ್ತು ಅತಿಪರವಲಯಗಳ ಛೇದದಿಂದ ಬಿಡಿಸಿದರು. ಯೂಕ್ಲಿಡ್ಡನ ಎರಡೇ ಸಾಧನಗಳ ಕಟ್ಟುಪಾಡು ಅಲಂಕಾರದ ಕೆಲಸಕ್ಕೆ ಲಕ್ಷ್ಮಣರೇಖೆಯಾಗಿರಲಿಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

ಹಾಗಾದರೆ ಎಲ್ಲವೂ ವೃತ್ತದಿಂದಲೇ ಎಂಬ ಮಾತು ಬಂದದ್ದೆಲ್ಲಿಂದ? ಜೂಲ್ ಬೂರ್ಗ್ವಾನ್ ಎಂಬ ಫ್ರೆಂಚ್ ವಿದ್ವಾಂಸ 1879ರಲ್ಲಿ ಹೆಣಿಗೆಗಳ ರಚನೆಯ ಬಗ್ಗೆ ದೊಡ್ಡ ಸಂಗ್ರಹವೊಂದನ್ನು ಪ್ರಕಟಿಸಿದರು. ಪ್ರತಿ ವಿನ್ಯಾಸದಡಿ ಚುಕ್ಕೆಗೆರೆಗಳಲ್ಲಿ ವೃತ್ತಗಳನ್ನೂ ಜಾಲರಿಯನ್ನೂ ತೋರಿಸಿದರು. ಅದು ಇವತ್ತಿಗೂ ಕೆಲಸಕ್ಕೆ ಬರುವ ಪುಸ್ತಕ. 1976ರಲ್ಲಿ ಎರಡು ಪುಸ್ತಕಗಳು ಒಟ್ಟಿಗೇ ಬಂದವು: ಕೀತ್ ಕ್ರಿಚ್‌ಲೋ ಅವರದೊಂದು, ಇಸ್ಸಾಂ ಎಲ್ ಸಯೀದ್ ಮತ್ತು ಆಯ್ಷೆ ಪರ್ಮಾನ್ ಅವರದೊಂದು. ವೃತ್ತವೆಂದರೆ ಏಕತೆ, ಕೇಂದ್ರವೆಂದರೆ ಮೂಲತತ್ತ್ವ, ವಿನ್ಯಾಸವೆಂದರೆ ಒಂದರಿಂದ ಹಲವು ಹೊಮ್ಮುವ ಬಗೆ ಎಂಬ ಅಧ್ಯಾತ್ಮದ ಓದು ಕ್ರಿಚ್‌ಲೋ ಅವರಿಂದ ಜನಪ್ರಿಯವಾಯಿತು. ಕಲಿಸುವುದಕ್ಕೆ ಈ ದಾರಿ ಬಹಳ ಚೆನ್ನ. ಕೈವಾರ ಹಿಡಿದ ಮಗುವೂ ಅರ್ಧ ಗಂಟೆಯಲ್ಲಿ ಏನಾದರೂ ಸುಂದರವಾದದ್ದನ್ನು ಬಿಡಿಸುತ್ತದೆ. ಆದರೆ ಇದು ಮುಗಿದ ವಿನ್ಯಾಸವನ್ನು ಮುಂದಿಟ್ಟುಕೊಂಡು ಹಿಂದಕ್ಕೆ ಕಟ್ಟಿದ ವಿವರಣೆ. ವಿನ್ಯಾಸ ಕೈಯಲ್ಲಿದ್ದರೆ ಅದರ ಮೇಲೆ ಹೊಂದುವ ವೃತ್ತಗಳನ್ನು ಯಾರು ಬೇಕಾದರೂ ಎಳೆಯಬಹುದು. ಇಲ್ಲದ ವಿನ್ಯಾಸವನ್ನು ಹೊಸದಾಗಿ ಕಂಡುಕೊಳ್ಳುವುದು ಹೇಗೆಂದು ವೃತ್ತಗಳು ಹೇಳಿಕೊಡುವುದಿಲ್ಲ.

ಅದನ್ನು ಹೇಳಿಕೊಟ್ಟ ಗೆರೆಗಳು ಸಿಕ್ಕಿದ್ದು ನಮ್ಮ ದೇಶದಲ್ಲಿ, ಆಗ್ರಾದ ಪಕ್ಕದ ಫತೇಪುರ್ ಸಿಕ್ರಿಯಲ್ಲಿ. ಕಂಡವರು ಕಲಾವಿದರೂ ಅಲ್ಲ, ಇತಿಹಾಸಕಾರರೂ ಅಲ್ಲ, ಸೂಕ್ಷ್ಮಜೀವಿಗಳ ತಜ್ಞ ಅರ್ನೆಸ್ಟ್ ಹ್ಯಾನ್‌ಬರಿ ಹ್ಯಾಂಕಿನ್. 1892ರಿಂದ ಆಗ್ರಾದಲ್ಲಿ ಸರಕಾರಿ ಕೆಲಸದಲ್ಲಿದ್ದ ಈ ಬ್ರಿಟಿಷ್ ವಿಜ್ಞಾನಿ, ಗಂಗೆ ಯಮುನೆಯರ ನೀರಿನಲ್ಲಿ ಕಾಲರಾ ರೋಗಾಣುಗಳು ಸಾಯುತ್ತವೆ ಎಂದು 1896ರಲ್ಲಿ ಬರೆದವರು. ಬ್ಯಾಕ್ಟೀರಿಯಗಳನ್ನು ಕೊಲ್ಲುವ ವೈರಸ್‌ಗಳ ಕಥೆ ಶುರುವಾಗುವಲ್ಲಿ ಅವರ ಹೆಸರು ಬರುತ್ತದೆ. ಹದ್ದುಗಳು ರೆಕ್ಕೆ ಬಡಿಯದೆ ತೇಲುವುದು ಹೇಗೆಂದೂ ಇವರೇ ಕೂತು ನೋಡಿ ಪುಸ್ತಕ ಬರೆದರು. ಒಂದು ಹಳೆಯ ಸ್ನಾನಗೃಹದ ಗಾರೆಯ ಮೇಲಿದ್ದ ವಿನ್ಯಾಸವನ್ನು ನೋಡುತ್ತಿದ್ದಾಗ, ಮುಖ್ಯ ಗೆರೆಗಳ ಹಿಂದೆ ಸೂಜಿಯಿಂದ ಗೀಚಿದಂಥ ನವಿರಾದ ಇನ್ನೊಂದು ಗೆರೆಜಾಲ ಅವರ ಕಣ್ಣಿಗೆ ಬಿತ್ತು. ಅವು ವೃತ್ತಗಳಾಗಿರಲಿಲ್ಲ. ಭುಜಕ್ಕೆ ಭುಜ ತಾಗಿಸಿ ಕೂರಿಸಿದ ಬಹುಭುಜಗಳಾಗಿದ್ದವು. 1925ರಲ್ಲಿ ಭಾರತೀಯ ಪುರಾತತ್ವ ಸರ್ವೇಕ್ಷಣೆಯ ಪ್ರಕಟಣೆಯಾಗಿ ಬಂದ ಅವರ ಕಿರುಹೊತ್ತಗೆ ಈ ವಿಷಯದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾದ ಬರಹವಾಗಿ ಕಾಣುತ್ತದೆ. ಅದಕ್ಕೆ ಸಿಗಬೇಕಾದ ಗಮನ ಸಿಗಲು ದಶಕಗಳೇ ಹಿಡಿದವು.

ವಿಧಾನ ಹೀಗಿದೆ. ಜಾಗವನ್ನು ಮೊದಲು ಬಹುಭುಜಗಳಿಂದ ತುಂಬಿ: ದಶಭುಜ, ಪಂಚಭುಜ, ಉದ್ದನೆಯ ಷಡ್ಭುಜ, ಹೀಗೆ. ಪ್ರತಿ ಭುಜದ ನಟ್ಟನಡುವೆ ಒಂದು ಚುಕ್ಕಿ ಇಡಿ. ಆ ಚುಕ್ಕಿಯಲ್ಲಿ ಗುಣಾಕಾರ ಚಿಹ್ನೆಯಂತೆ ಎರಡು ಗೆರೆಗಳನ್ನು, ಎಲ್ಲ ಕಡೆಯೂ ಒಂದೇ ಓರೆಯಲ್ಲಿ, ದಾಟಿಸಿ. ಗೆರೆಗಳನ್ನು ಬಹುಭುಜದೊಳಕ್ಕೆ ಚಾಚುತ್ತಾ ಹೋಗಿ, ಪಕ್ಕದ ಭುಜದಿಂದ ಬಂದ ಗೆರೆಗೆ ತಾಗುವವರೆಗೆ. ದಶಭುಜದೊಳಗೆ ಹತ್ತು ಮೊನೆಯ ನಕ್ಷತ್ರ, ಪಂಚಭುಜದೊಳಗೆ ಐದು ಮೊನೆಯದು, ನಡುವೆ ಅನಿರೀಕ್ಷಿತ ಆಕಾರಗಳು ತಾವಾಗಿ ಮೂಡುತ್ತವೆ. ಈಗ ಬಹುಭುಜಗಳನ್ನು ಅಳಿಸಿ. ಓರೆಯನ್ನು ಬದಲಿಸಿದರೆ ಅದೇ ಬಹುಭುಜಗಳಿಂದ ಬೇರೆಯದೇ ವಿನ್ಯಾಸ ಬರುತ್ತದೆ. ಐದರ ಕುಟುಂಬದಲ್ಲಿ 36, 72, 108 ಡಿಗ್ರಿಗಳ ಮೂರು ಓರೆಗಳು ಹೆಚ್ಚು ಬಳಕೆಯವು. ಈ ವರ್ಗೀಕರಣವನ್ನು ಜೇ ಬಾನರ್ ಎಂಬ ವಿನ್ಯಾಸಕಾರ ವಿಸ್ತಾರವಾಗಿ ಮಾಡಿದ್ದಾರೆ.

ಮೂರು ಗೆರೆಗಳು ಕೂಡಬಾರದೆಂಬ ಮಾತು ಇಲ್ಲಿ ಮತ್ತೆ ಬರುತ್ತದೆ. ಭುಜದ ನಡುವಿನ ಪ್ರತಿ ಚುಕ್ಕಿಯಲ್ಲೂ ಎರಡೇ ಗೆರೆಗಳು ದಾಟುತ್ತವೆ, ಗೆರೆಗಳು ಎಲ್ಲೂ ತುಂಡಾಗುವುದಿಲ್ಲ. ಎಂದರೆ ಈ ವಿಧಾನದಲ್ಲಿ ಹುಟ್ಟಿದ ವಿನ್ಯಾಸ ಹೆಣಿಗೆಗೆ ಹುಟ್ಟಿನಿಂದಲೇ ಸಿದ್ಧ. ಬರೀ ವೃತ್ತಗಳ ಜಾಲರಿಯಿಂದ ಹೊರಟವರಿಗೆ ಈ ಖಾತರಿ ಇಲ್ಲ. ಆರರ ಜಾಲರಿಯಲ್ಲಿ ಮೂರು ಗೆರೆಗಳು ಒಂದೇ ಬಿಂದುವಿಗೆ ಬಂದು ಕೂಡುವುದು ಮಾಮೂಲಿ. ಹಳೆಯವರು ಬಹುಭುಜಗಳಿಂದಲೇ ಯೋಚಿಸುತ್ತಿದ್ದರು ಎಂದು ನಂಬಲು ನನಗೆ ಗಾರೆಯ ಗೀಚುಗಳಷ್ಟೇ ಬಲವಾದ ಕಾರಣ ಇದು.

ಹ್ಯಾಂಕಿನ್ ಕಂಡದ್ದು ಒಂದೆಡೆಯ ಆಕಸ್ಮಿಕವಲ್ಲ ಎಂದು ತೋರಿಸಿದ್ದು ಇಸ್ತಾಂಬುಲ್ಲಿನ ತೋಪ್‌ಕಾಪಿ ಅರಮನೆಯ ಸುರುಳಿ. ಸುಮಾರು 29.5 ಮೀಟರ್ ಉದ್ದ, 114 ನಕ್ಷೆಗಳು. 15ನೇ ಶತಮಾನದ ಕೊನೆ ಅಥವಾ 16ನೆಯದರಲ್ಲಿ ಇರಾನಿನ ಕಡೆ ತಯಾರಾದದ್ದು. ಗುಲ್ರು ನೆಜಿಪೊಗ್ಲು ಇದನ್ನು 1995ರಲ್ಲಿ ವಿವರವಾದ ಅಧ್ಯಯನದೊಂದಿಗೆ ಪ್ರಕಟಿಸಿದರು. ವಿನ್ಯಾಸ ಕಪ್ಪು ಶಾಯಿಯಲ್ಲಿದೆ. ಕೆಲವು ನಕ್ಷೆಗಳಲ್ಲಿ ಅದರಡಿಯ ಬಹುಭುಜಗಳು ಕೆಂಪು ಚುಕ್ಕೆಗಳಲ್ಲಿವೆ. ಇನ್ನುಳಿದ ತಯಾರಿ ಗೆರೆಗಳು ಶಾಯಿಯೇ ಇಲ್ಲದೆ ಮೊನೆಯಿಂದ ಕಾಗದದ ಮೇಲೆ ಒತ್ತಿದವು, ಬೆಳಕನ್ನು ಓರೆಯಾಗಿ ಹಿಡಿದರಷ್ಟೇ ಕಾಣುವಂಥವು. ಕೈವಾರದ ಕಂಸಗಳೂ ಅಲ್ಲಿವೆ, ಬಹುಭುಜಗಳೂ ಇವೆ. ಒಂದನ್ನು ಹಿಡಿದು ಇನ್ನೊಂದನ್ನು ತಳ್ಳಿಹಾಕುವವರಿಗೆ ಈ ಸುರುಳಿಯಲ್ಲಿ ಉತ್ತರವಿದೆ.

2007ರಲ್ಲಿ ಪೀಟರ್ ಲೂ ಮತ್ತು ಪಾಲ್ ಸ್ಟೈನ್‌ಹಾರ್ಟ್ ಎಂಬ ಭೌತವಿಜ್ಞಾನಿಗಳು ಇದನ್ನು ಇನ್ನೂ ಮುಂದಕ್ಕೆ ಒಯ್ದರು. ಐದೇ ಐದು ಅಚ್ಚುಗಳು, ದಶಭುಜ, ಪಂಚಭುಜ, ಉದ್ದ ಷಡ್ಭುಜ, ಬೋ ಟೈ ಆಕಾರ ಮತ್ತು ವಜ್ರಾಕೃತಿ, ಇವುಗಳನ್ನು ಜೋಡಿಸುತ್ತಾ ಹೋದರೆ ಕೈವಾರವನ್ನು ಪ್ರತಿ ಸಲ ಹಿಡಿಯದೆಯೇ ದೊಡ್ಡ ಗೋಡೆ ತುಂಬಬಹುದು ಎಂದರು. ಇಸ್ಫಹಾನಿನ ದರ್ಬ್ ಎ ಇಮಾಂ ಕಟ್ಟಡದ 1453ರ ವಿನ್ಯಾಸ, ರೋಜರ್ ಪೆನ್‌ರೋಸ್ 1970ರ ದಶಕದಲ್ಲಿ ಕಂಡುಕೊಂಡ, ಎಂದೂ ಪುನರಾವರ್ತನೆಯಾಗದ ಜೋಡಣೆಗೆ ಬಹಳ ಹತ್ತಿರವಿದೆ ಎಂಬ ಅವರ ಮಾತು ಜಗತ್ತಿನ ಪತ್ರಿಕೆಗಳಲ್ಲೆಲ್ಲ ಸುದ್ದಿಯಾಯಿತು. ಡೆನ್ಮಾರ್ಕಿನಲ್ಲಿ ಕೆಲಸ ಮಾಡುತ್ತಿದ್ದ ಎಮಿಲ್ ಮಕೊವಿಕಿ, ಮರಾಗಾದ 1197ರ ಗೋಪುರಸಮಾಧಿಯ ಬಗ್ಗೆ ಇಂಥದೇ ಮಾತನ್ನು 1992ರಲ್ಲೇ ಎತ್ತಿದ್ದರು. ಪೀಟರ್ ಕ್ರಾಮ್‌ವೆಲ್ ಅವರಂಥ ಗಣಿತಜ್ಞರು ಎರಡನ್ನೂ ತಣ್ಣಗೆ ಪರಿಶೀಲಿಸಿ, ದೊಡ್ಡ ಬಹುಭುಜವನ್ನು ಚಿಕ್ಕವುಗಳಾಗಿ ಒಡೆಯುವ ಜಾಣ್ಮೆ ಅಲ್ಲಿದೆ, ಆದರೆ ಅನಂತವಾಗಿ ಪುನರಾವರ್ತನೆಯಿಲ್ಲದೆ ಹರಡುವ ಉದ್ದೇಶಕ್ಕೆ ಪುರಾವೆಯಿಲ್ಲ ಎಂದರು. ನನ್ನ ಮತವೂ ಅತ್ತಲೇ. ಗೋಡೆಗೆ ಅಂಚಿದೆ, ಅನಂತದ ಚಿಂತೆ ಗೋಡೆ ಮಾಡುವವನದಲ್ಲ.

ಬೇರೆ ಕೈಗಳು ಬೇರೆ ಸಾಧನ ಹಿಡಿದವು. ಸೆವಿಲ್‌ನ ಬಡಗಿ ದಿಯೆಗೊ ಲೋಪೆಸ್ ದೆ ಅರೇನಸ್ 1633ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಚಾವಣಿಯ ಹೆಣಿಗೆಗಳಿಗೆ ಮುಖ್ಯ ಆಧಾರ ಕೈವಾರವಲ್ಲ, ಮೂಲೆಮಟ್ಟಗಳು. ಅರ್ಧವೃತ್ತವನ್ನು ಎಷ್ಟು ಭಾಗ ಮಾಡಿದೆಯೋ ಆ ಸಂಖ್ಯೆಯೇ ಮಟ್ಟದ ಹೆಸರು: ನಾಲ್ಕರ ಮಟ್ಟಕ್ಕೆ 45 ಡಿಗ್ರಿ, ಐದರದಕ್ಕೆ 36, ಎಂಟರದಕ್ಕೆ ಇಪ್ಪತ್ತೆರಡೂವರೆ. ಒಮ್ಮೆ ಮಟ್ಟ ಮಾಡಿಟ್ಟುಕೊಂಡರೆ ಮರದ ಮೇಲೆ ವೃತ್ತ ಎಳೆಯುವ ಕೆಲಸವೇ ಇಲ್ಲ. ಮೊರಾಕೊದಲ್ಲಿ ಬಣ್ಣದ ಬಿಲ್ಲೆಗಳನ್ನು ಸುತ್ತಿಗೆಯಿಂದ ಕೆತ್ತಿ, ಬಣ್ಣದ ಮುಖ ಕೆಳಗಾಗಿ ಜೋಡಿಸುತ್ತಾರೆ. ವಿನ್ಯಾಸ ಇರುವುದು ಉಸ್ತಾದನ ನೆನಪಿನಲ್ಲಿ. ಇಸ್ಲಾಮೀ ನಾಡುಗಳ ಆಚೆಗೂ ಒಂದು ಸಾಕ್ಷ್ಯವಿದೆ. ಸುಮಾರು 700ರ ಹೊತ್ತಿಗೆ ಇಂಗ್ಲೆಂಡಿನಲ್ಲಿ ಬರೆದ ಲಿಂಡಿಸ್‌ಫಾರ್ನ್ ಸುವಾರ್ತೆಗಳ ಹಾಳೆಗಳ ಹಿಂಬದಿಯಲ್ಲಿ ಕೈವಾರದ ಚುಚ್ಚುಗಳೂ ಜಾಲರಿಯ ಗೆರೆಗಳೂ ಉಳಿದಿವೆ. ಅಲ್ಲಿಯೂ ತಯಾರಿಯ ಗೆರೆಗಳಿಗೆ ಜಾಗ ಓದುಗನ ಕಣ್ಣಿಗೆ ಬೀಳದ ಕಡೆಯೇ.

ನಮ್ಮ ಕಡೆ ಈ ಜ್ಯಾಮಿತಿಯನ್ನು ಅದರ ಅತಿ ದೊಡ್ಡ ಗಾತ್ರದಲ್ಲಿ ನೋಡಬೇಕಾದರೆ ವಿಜಯಪುರಕ್ಕೆ ಹೋಗಬೇಕು. 1656ರಲ್ಲಿ ತೀರಿಕೊಂಡ ಮುಹಮ್ಮದ್ ಆದಿಲ್ ಶಾಹನ ಸಮಾಧಿಯಾದ ಗೋಲ್‌ಗುಮ್ಮಟದ ಒಳಗೆ, ಸುಮಾರು 41 ಮೀಟರ್ ಭುಜದ ಚೌಕ ಹಜಾರದ ಮೇಲೆ ದುಂಡು ಗುಮ್ಮಟ ಕೂರಬೇಕು. ಎಂಟು ಕಮಾನುಗಳು ಒಂದನ್ನೊಂದು ಛೇದಿಸುತ್ತಾ ಮೇಲೇರಿ, ನಡುವೆ ಎಂಟು ಮೂಲೆಯ ತೆರವನ್ನು ಬಿಡುತ್ತವೆ. ಗುಮ್ಮಟದ ಭಾರ ಹೊರುವುದು ಅವೇ. ನೆಲದ ಮೇಲೆ ಇದರ ನಕ್ಷೆ ಎಳೆದರೆ ಸಿಗುವುದು ಈ ಲೇಖನ ಶುರುವಾದ ಎರಡು ಚೌಕಗಳೇ. ಪ್ರವಾಸಿಗರು ಪಿಸುಮಾತಿನ ಗ್ಯಾಲರಿಗೆ ಹತ್ತಿ ಕೂಗಿ ಇಳಿದುಬರುತ್ತಾರೆ. ಹಜಾರದ ನಡುವೆ ನಿಂತು ಕತ್ತೆತ್ತಿ ನೋಡುವವರು ಕಡಿಮೆ. ಚೌಕ ತಿರುಗಿಸುವ ಉಪಾಯ ಇಲ್ಲಿಗೆ ಹೊರಗಿನಿಂದಲೇ ಬಂದಿತೆಂದೂ ಅಂದುಕೊಳ್ಳಬೇಕಿಲ್ಲ. ಗದಗ ಜಿಲ್ಲೆಯ ಡಂಬಳದಲ್ಲಿರುವ 12ನೇ ಶತಮಾನದ ದೊಡ್ಡಬಸಪ್ಪ ದೇವಾಲಯದ ಗರ್ಭಗುಡಿಯ ತಳವಿನ್ಯಾಸ 24 ಮೊನೆಯ ನಕ್ಷತ್ರ. ಒಂದೇ ಕೇಂದ್ರದ ಸುತ್ತ ಚೌಕವನ್ನು 15 ಡಿಗ್ರಿಯಂತೆ ತಿರುಗಿಸುತ್ತಾ ಆರು ಸಲ ಎಳೆದರೆ ಬರುವ ಆಕೃತಿ. ಅಲ್ಲಿ ಹೆಣಿಗೆಯಿಲ್ಲ, ಜ್ಯಾಮಿತಿ ಮಾತ್ರ ಒಂದೇ.

ಕಂಪ್ಯೂಟರ್ ಬಂದ ಮೇಲೆ ಈ ಚರ್ಚೆಗೆ ಒಂದು ಬಗೆಯ ಪ್ರಯೋಗಶಾಲೆ ಸಿಕ್ಕಿತು. ಕೆನಡಾದ ಕ್ರೇಗ್ ಕಪ್ಲಾನ್ ಬರೆದ ಪ್ರೋಗ್ರಾಂಗಳು ಹ್ಯಾಂಕಿನ್ ವಿಧಾನವನ್ನೇ ಆಧಾರವಾಗಿಟ್ಟುಕೊಂಡವು. ಬಹುಭುಜಗಳನ್ನೂ ಒಂದು ಓರೆಯನ್ನೂ ಕೊಟ್ಟರೆ ಹಳೆಯ ಕಟ್ಟಡಗಳಲ್ಲಿರುವ ಎಷ್ಟೋ ವಿನ್ಯಾಸಗಳು ತೆರೆಯ ಮೇಲೆ ಮೂಡುತ್ತವೆ. ಒಂದೇ ಸರಳ ನಿಯಮ ಇಷ್ಟನ್ನು ಹುಟ್ಟಿಸಬಲ್ಲದು ಎಂಬುದು ಆ ನಿಯಮವೇ ಬಳಕೆಯಲ್ಲಿತ್ತು ಎಂಬುದಕ್ಕೆ ರುಜುವಾತಲ್ಲ. ಆದರೆ ಗೀಚುಗಳು ಮತ್ತು ಸುರುಳಿಯ ಜೊತೆ ಸೇರಿಸಿ ನೋಡಿದಾಗ ತೂಕ ಯಾವ ಕಡೆಗೆ ವಾಲುತ್ತದೆ ಎಂಬುದರಲ್ಲಿ ನನಗೆ ಅನುಮಾನ ಉಳಿದಿಲ್ಲ: ವಿನ್ಯಾಸದ ಯೋಚನೆ ಬಹುಭುಜಗಳದು, ಅವನ್ನು ಎಳೆಯುವ ಕೈ ಕೈವಾರ ಮತ್ತು ಪಟ್ಟಿಯದು, ಅವೆರಡೂ ಸೋತಲ್ಲಿ ಅಂದಾಜು, ಅಚ್ಚು ಮತ್ತು ಮೂಲೆಮಟ್ಟ.

ಇಷ್ಟೆಲ್ಲ ಪುರಾವೆ ನಿಂತಿರುವುದು ಯಾರೋ ಅಳಿಸಲು ಮರೆತ, ಯಾರೂ ಮೇಲೆ ಬಳಿಯದ ಕೆಲವು ಗೀಚುಗಳ ಮೇಲೆ. ಹ್ಯಾಂಕಿನ್ ನೋಡಿದ ಗಾರೆಯ ಮೇಲೆ ಅದಕ್ಕೂ ಮೊದಲೇ ಯಾರಾದರೂ ಸುಣ್ಣ ಬಳಿದಿದ್ದರೆ ಈ ವಾದಕ್ಕೆ ಅರ್ಧ ಬಲವೇ ಇರುತ್ತಿರಲಿಲ್ಲ. ಬೀದರ್, ಕಲಬುರಗಿ, ವಿಜಯಪುರಗಳ ಹಳೆಯ ಕಟ್ಟಡಗಳಲ್ಲೂ ಗಾರೆಯ ಅಲಂಕಾರ ಬೇಕಾದಷ್ಟಿದೆ. ಅವುಗಳ ದುರಸ್ತಿ ಕೈಗೊಳ್ಳುವವರು ಹೊಸ ಗಾರೆ ಹಾಕುವ ಮುನ್ನ ಒಂದು ಟಾರ್ಚನ್ನು ಗೋಡೆಗೆ ಓರೆಯಾಗಿ ಹಿಡಿದು ಹತ್ತಿರದಿಂದ ಫೋಟೊ ತೆಗೆದಿಟ್ಟುಕೊಳ್ಳಲಿ. ಖರ್ಚಿಲ್ಲದ ಕೆಲಸ, ಒಮ್ಮೆ ಮುಚ್ಚಿದ ಮೇಲೆ ಮಾಡಲಾಗದ ಕೆಲಸ.